ಸಾಸಿವೆಗೂ ಪಪ್ಪಾಯಿಗೂ ಏನು ನಂಟು?

ಸಾಸಿವೆ, ನುಗ್ಗೆ, ಪಪ್ಪಾಯಿ.
ಮೂರೂ ಒಂದೇ ಬಳಗ ಅಂದರೆ ನಂಬ್ತೀರಾ?
ಗುಂಜೋಟಿಯಿಂದ ಉದಗೀರದವರೆಗೆ ಯಾರ ಅಡುಗೆಮನೆಗೂ ಇವು ಹೊಸದಲ್ಲ.
ಆದರೆ ಒಂದು ಪುಟ್ಟ ಗಿಡ, ಒಂದು ಮರ,
ಇನ್ನೊಂದು ಗೀರಿದರೆ ಹಾಲು ಸುರಿಸುವಂಥದ್ದು.
ಹೂವನ್ನಷ್ಟೇ ನೋಡಿದರೆ ಹೋಲಿಕೆ ಸಿಗದು.
ಹಳೆಯ ಸಸ್ಯವಿಜ್ಞಾನಿಗಳು ಪಪ್ಪಾಯಿಯನ್ನು
ಪ್ಯಾಶನ್ ಹಣ್ಣಿನ ಬಳ್ಳಿಯ ಹತ್ತಿರ ಇಟ್ಟಿದ್ದರು.

ಈಗ ಪಪ್ಪಾಯಿ ಬೀಜ ಜಗಿದು ನೋಡಿ.
ಸಾಸಿವೆಯದೇ ಖಾರ, ಸೀದಾ ಮೂಗಿಗೆ!
ನುಗ್ಗೆಯ ಬೇರಿಗೂ ಅದೇ ಘಾಟು.
ಈ ಘಾಟು ಗಿಡದೊಳಗೆ ಸಿದ್ಧವಾಗಿ ಕೂತಿರುವುದಿಲ್ಲ.
ಗ್ಲುಕೋಸಿನೊಲೇಟ್ ಎಂಬ ರಾಸಾಯನಿಕ ಒಂದು ಕಡೆ.
ಅದನ್ನು ಒಡೆಯುವ ಕಿಣ್ವ ಬೇರೆಯದೇ ಕೋಶಗಳಲ್ಲಿ.
ಬೆಂಕಿಕಡ್ಡಿ ಮತ್ತು ಪೊಟ್ಟಣದ ಪಟ್ಟಿ ಇದ್ದ ಹಾಗೆ:
ಗೀರಿದಾಗಲೇ ಕಿಡಿ.
ಹುಳು ಕಚ್ಚಿತೋ, ಎರಡೂ ಬೆರೆತು ಖಾರ ಹುಟ್ಟುತ್ತದೆ.
ಆ ಕಿಣ್ವದ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ.
ಅಂದರೆ ರಸಾಯನ, ಒಳರಚನೆ, ಎರಡು ಸಾಕ್ಷಿ.
ಇವನ್ನು ನಂಬಿ 1975ರಲ್ಲಿ ಸಸ್ಯವಿಜ್ಞಾನಿ ರೋಲ್ಫ್ ಡಾಲ್ಗ್ರೆನ್
ಈ ಕುಟುಂಬಗಳನ್ನು ಒಟ್ಟುಗೂಡಿಸಿದರು.
ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಧೈರ್ಯ.

"ಬೇರೆ ಬೇರೆ ವಂಶಗಳು ಒಂದೇ ಖಾರ ಕಲಿತಿರಬಹುದಲ್ಲ?"
ನ್ಯಾಯವಾದ ಪ್ರಶ್ನೆ. ಕಲಿತದ್ದೂ ಉಂಟು.
ಪುತ್ರಂಜೀವಿ ಮರದ ಬೀಜದಲ್ಲೂ ಇದೇ ರಾಸಾಯನಿಕ ಇದೆ.
ಆದರೆ ಅದು ಔಡಲದ ಕಡೆಯ ನೆಂಟ.
ಹಾಗಾಗಿ ಖಾರ ಒಂದನ್ನೇ ನೆಚ್ಚಿ ಕುಲ ಹೇಳಲಾಗದು,
ಜೊತೆಗೆ ಬೇರೆ ಸಾಕ್ಷಿ ಬೇಕು.
1990ರ ದಶಕದಲ್ಲಿ ಡಿಎನ್‌ಎ ಆ ಸಾಕ್ಷಿ ನುಡಿಯಿತು.
ಪುತ್ರಂಜೀವಿ ಹೊರಗೆ ಉಳಿಯಿತು.
ಸಾಸಿವೆ, ನುಗ್ಗೆ, ಪಪ್ಪಾಯಿ ಒಟ್ಟಿಗೇ ನಿಂತವು.
1998ರ ಹೊಸ ವರ್ಗೀಕರಣದಲ್ಲಿ ಮೂರೂ ಬ್ರಾಸಿಕೇಲ್ಸ್ ಗಣ ಸೇರಿದವು.