ಅಡಿಕೆ ಒಲೆಯ ಹಳೇ ಚಿಮಣಿ: ಸಿಮೆಂಟು ಬಳಿದು ಕೆಡಿಸಿದೆ, ಸುಣ್ಣ ಹಾಕಿ ಸರಿಮಾಡಿದೆ

ನಮ್ಮ ಸಾಗರದ ಕಡೆ ಕೆಂಪಡಿಕೆ ಮಾಡುವ ಕೆಲವು ಮನೆಗಳಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆಗೆ ಇಟ್ಟಿಗೆಯ ಚಿಮಣಿ ಇದೆ. ನಮ್ಮದು ಅಜ್ಜನ ಕಾಲದ್ದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮೂರು ವರ್ಷದ ಹಿಂದೆ ಆಷಾಢದ ಮಳೆಗೆ ಚಿಮಣಿಯ ಮೈಮೇಲೆ ಕಪ್ಪು ನೀರು ಇಳಿಯತೊಡಗಿತು. ಒಲೆಯ ಹತ್ತಿರ ಒಂದು ಬಕೆಟ್ ಇಟ್ಟು ಸುಮ್ಮನಾದೆ.

ಮಳೆ ಬಿಟ್ಟ ಮೇಲೆ ಅಟ್ಟ ಹತ್ತಿ ನೋಡಿದರೆ ಎದೆ ಝಲ್ಲೆಂದಿತು. ಚಿಮಣಿಗೆ ತಾಗಿಕೊಂಡಿದ್ದ ಪಕಾಸು ಮೇಲ್ಭಾಗದಲ್ಲಿ ಲಡ್ಡಾಗಿತ್ತು, ಪಕ್ಕದಲ್ಲಿ ಕರಕಲಾಗಿತ್ತು! ಮಳೆಗಾಲದಲ್ಲಿ ನೀರು ಬರುತ್ತಿದ್ದ ಸಂದಿನಿಂದಲೇ ಕೊಯ್ಲಿನ ಕಾಲದಲ್ಲಿ ಬಿಸಿಹೊಗೆ, ಕಿಡಿ ಬರುತ್ತಿತ್ತು. ಅಲ್ಲಿಂದ ನಾಲ್ಕೇ ಅಡಿ ಆಚೆ ದನಗಳಿಗೆ ಇಟ್ಟ ಒಣಹುಲ್ಲು. ನೀರು ಸೋರಿದರೆ ಬಕೆಟ್ ಇಡಬಹುದು, ಕಿಡಿ ಸೋರಿದರೆ ಏನಿಡುವುದು?

ತಪ್ಪು ನನ್ನದೇ

ಅದಕ್ಕೆ ಎಂಟು ವರ್ಷ ಮೊದಲು ಅಲ್ಲಲ್ಲಿ ಗಾರೆ ಉದುರಿದ್ದು ಕಂಡು ಇಡೀ ಚಿಮಣಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದೆ. ಗಟ್ಟಿಯಾಯಿತು ಅಂದುಕೊಂಡಿದ್ದೆ. ಈಗ ಉಳಿಯಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಹೋಳು ಎಬ್ಬಿಸಿದಾಗ ಇಟ್ಟಿಗೆಯ ಮುಖವೂ ಅದರ ಜೊತೆಗೇ ಕಿತ್ತು ಬಂತು.

ಊರಿನ ಹಳೇ ಗಾರೆ ಕೆಲಸದ ಮೇಸ್ತ್ರಿ ನೋಡಿ ಹೇಳಿದ್ದು ಇಷ್ಟೇ: "ಯಜಮಾನ್ರೇ, ಚಿಮಣಿ ಬಿಸಿಗೆ ಹಿಗ್ಗುತ್ತೆ, ತಣ್ಣಗಾದ್ರೆ ಕುಗ್ಗುತ್ತೆ. ಸುಣ್ಣ ಅದರ ಜೊತೆ ಹೋಗುತ್ತೆ. ಸಿಮೆಂಟು ಹೋಗಲ್ಲ, ಬಿರಿಯುತ್ತೆ."

ಆದದ್ದೂ ಅದೇ. ಕೂದಲೆಳೆಯ ಬಿರುಕಿನಲ್ಲಿ ನೀರು ಒಳಹೋಗುತ್ತದೆ. ಸುಣ್ಣದ ಸಂದಾದರೆ ಅದೇ ದಾರಿಯಲ್ಲಿ ಆರಿಹೋಗುತ್ತದೆ. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ನೀರಿಗೆ ದಾರಿಯಿಲ್ಲ. ಇಟ್ಟಿಗೆ ತಿಂಗಳುಗಟ್ಟಲೆ ನೆನೆದು ಮೆತ್ತಗಾಗುತ್ತದೆ. ಒಳಗಿನಿಂದ ಇನ್ನೊಂದು ಕಾಟ. ಹಸಿ ಸೌದೆ, ಹಸಿ ಅಡಿಕೆ ಸಿಪ್ಪೆ ಉರಿಸಿದರೆ ಹೊಗೆಯಲ್ಲಿ ಹುಳಿ ಅಂಶ, ಟಾರಿನಂಥ ಅಂಟು ಎರಡೂ ಇರುತ್ತವೆ. ಅವು ಚಿಮಣಿಯ ತಣ್ಣಗಿನ ಮೇಲ್ಭಾಗದಲ್ಲಿ ನೀರಾಗಿ ಗಾರೆಯನ್ನು ತಿನ್ನುತ್ತವೆ. ನಾನು ನೋಡಿದ ಕಪ್ಪು ನೀರು ಇದೇ ಮಸಿ ತೊಳೆದುಕೊಂಡು ಬಂದ ಮಳೆನೀರು.

ಮೊದಲು ಹೊಗೆ ಪರೀಕ್ಷೆ

ದುರಸ್ತಿಗೆ ಮೊದಲು ಸೋರುವ ಜಾಗ ಗೊತ್ತಾಗಬೇಕು. ಹಗ್ಗಕ್ಕೆ ತೆಂಗಿನ ನಾರಿನ ದೊಡ್ಡ ಉಂಡೆ ಕಟ್ಟಿ, ಮೇಲಿನಿಂದ ಇಳಿಬಿಟ್ಟು ಮಸಿ ತೆಗೆಯಿರಿ. ಆಮೇಲೆ ಒಲೆಯಲ್ಲಿ ಸಣ್ಣ ಬೆಂಕಿ ಮಾಡಿ ಒಂದು ಹಿಡಿ ಹಸಿ ಸೊಪ್ಪು ಹಾಕಿ. ಮೇಲಿನ ಬಾಯಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ. ಅಟ್ಟದಲ್ಲಿ ಒಬ್ಬರು, ಹೊರಗೆ ಒಬ್ಬರು ನಿಂತು ಹೊಗೆ ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಐದು ನಿಮಿಷದ ಕೆಲಸ. ಹೊಗೆ ಅಟ್ಟದಲ್ಲಿ ತುಂಬಿದರೆ ಕೂಡಲೇ ಇಳಿದು ಗೋಣಿ ತೆಗೆಸಿ. ನಮ್ಮ ಚಿಮಣಿಯಲ್ಲಿ ಹನ್ನೊಂದು ಕಡೆ ಹೊಗೆ ಬಂತು. ಹೆಚ್ಚಿನವು ಮಳೆ ಹೊಡೆಯುವ ನೈರುತ್ಯದ ಮುಖದಲ್ಲಿ.

ತೂಕದ ಗುಂಡು ಬಿಟ್ಟು ವಾಲಿದೆಯೇ ಎಂದೂ ನೋಡಿ. ವಾಲಿದ್ದರೆ ಸಂದು ತುಂಬಿ ಪ್ರಯೋಜನವಿಲ್ಲ. ಆ ಭಾಗ ಬಿಚ್ಚಿ ಕಟ್ಟುವುದೇ ಸರಿ. ನಮ್ಮದರಲ್ಲಿ ತುದಿಯ ನಾಲ್ಕು ವರಸೆ ಮಾತ್ರ ಬಿಚ್ಚಿದೆವು.

ಸಂದು ತುಂಬುವುದು

ಸಿಮೆಂಟನ್ನು ಮೆಲ್ಲಗೆ ಎಬ್ಬಿಸಿ ತೆಗೆದೆವು. ಮುಖ ಹೋದ ಇಟ್ಟಿಗೆ ಕಿತ್ತು ಬೇರೆ ಇಟ್ಟೆವು. ಉಳಿದ ಸಂದುಗಳ ಸಡಿಲ ಗಾರೆಯನ್ನು 1 ಇಂಚು ಆಳಕ್ಕೆ ಕೆರೆದು, ಧೂಳು ತೊಳೆದೆವು.

ಗಾರೆಗೆ 1 ಪಾಲು ಅರಳಿಸಿದ ಸುಣ್ಣ, 1 ಪಾಲು ಸುರ್ಕಿ, 2 ಪಾಲು ಮರಳು. ಸುರ್ಕಿ ಎಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ನುಣ್ಣನೆ ಪುಡಿ. ಇದು ಸೇರಿದರೆ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ಸುಟ್ಟ ಸುಣ್ಣ ತಂದು ನೀವೇ ಅರಳಿಸುವುದಾದರೆ ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅರಳಿದ ಸುಣ್ಣವನ್ನು ಸೋಸಿ ಎರಡು ವಾರವಾದರೂ ನೀರಿನಡಿ ಇಟ್ಟರೆ ಗಾರೆ ನುಣ್ಣಗೆ ಬರುತ್ತದೆ.

ಸಂದು ಒದ್ದೆಯಿರುವಾಗಲೇ ಗಾರೆಯನ್ನು ಸಣ್ಣ ಕರಣೆಯಲ್ಲಿ ಒತ್ತಿ ಒತ್ತಿ ತುಂಬಬೇಕು. ಮೇಲೆ ಸವರಿದರೆ ನಿಲ್ಲುವುದಿಲ್ಲ. ಹತ್ತು ದಿನ ಒದ್ದೆ ಗೋಣಿ ಸುತ್ತಿಟ್ಟೆವು. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಪುಡಿಯಾಗುತ್ತದೆ. ಕೊನೆಗೆ ಮೂರು ಸಲ ತೆಳು ಸುಣ್ಣ ಬಳಿದೆವು. ಬೇರೆ ಪ್ಲಾಸ್ಟರೂ ಇಲ್ಲ, ಎಣ್ಣೆ ಬಣ್ಣವೂ ಇಲ್ಲ.

ತಲೆಗೆ ಹಲಗೆ, ಅದರ ಮೇಲೊಂದು ಟೋಪಿ

ಸಿಮೆಂಟಿಗೂ ಒಂದು ಜಾಗ ಉಂಟು, ಅದು ತಲೆಯಲ್ಲಿ. ನಮ್ಮ ಚಿಮಣಿಯ ಹೊರ ಅಳತೆ 18 ಇಂಚು ಚೌಕ, ಒಳಬಾಯಿ 9 ಇಂಚು ಚೌಕ. ನೆಲದ ಮೇಲೆಯೇ 22 ಇಂಚು ಚೌಕದ ಕಾಂಕ್ರೀಟ್ ಹಲಗೆ ಮಾಡಿದೆವು. ನಡುವೆ 9 ಇಂಚಿನ ಬಾಯಿ. ಬಾಯಿಯ ಹತ್ತಿರ 3 ಇಂಚು ದಪ್ಪ, ಅಂಚಿನಲ್ಲಿ 2 ಇಂಚು. ಹಾಗಾಗಿ ನೀರು ಹೊರಕ್ಕೆ ಇಳಿಯುತ್ತದೆ. ಸುತ್ತ 2 ಇಂಚು ಮುಂಚಾಚು. ಅಚ್ಚಿನ ತಳದಲ್ಲಿ, ಅಂಚಿನಿಂದ 1 ಇಂಚು ಒಳಗೆ, ಎಣ್ಣೆ ಹಚ್ಚಿದ ಬೆರಳುಗಾತ್ರದ ಹಗ್ಗ ಇಟ್ಟು ಕಾಂಕ್ರೀಟ್ ಹಾಕಿದೆವು. ಆಮೇಲೆ ಹಗ್ಗ ಕಿತ್ತರೆ ಅಡಿಯಲ್ಲಿ ಕಾಲುವೆ ಉಳಿಯುತ್ತದೆ. ಅಂಚಿಗೆ ಬಂದ ನೀರು ಈ ಕಾಲುವೆ ದಾಟಲಾಗದೆ ಅಲ್ಲೇ ತೊಟ್ಟಿಕ್ಕುತ್ತದೆ, ಇಟ್ಟಿಗೆಗೆ ಹೋಗುವುದಿಲ್ಲ. ಸುಮಾರು 40 ಕಿಲೋ ತೂಕ. ಹಗ್ಗ ಕಟ್ಟಿ ಏರಿಸಿ ಸುಣ್ಣದ ಗಾರೆಯ ಮೇಲೆ ಕೂರಿಸಿದೆವು.

ಬಾಯಿಗೆ ತಗಡಿನ ಟೋಪಿ ಬೇಕೇ ಬೇಕು. ಆದರೆ ತಗ್ಗಿಸಿ ಕೂರಿಸಿದರೆ ಹೊಗೆ ಮನೆಯೊಳಗೆ ಬರುತ್ತದೆ. ಲೆಕ್ಕ ಸುಲಭ. ನಮ್ಮ ಬಾಯಿ 81 ಚದರ ಇಂಚು, ಸುತ್ತಳತೆ 36 ಇಂಚು. ಟೋಪಿ ಎರಡೂಕಾಲು ಇಂಚು ಎತ್ತರದಲ್ಲಿದ್ದರೆ ಬಾಯಿಯಷ್ಟೇ ದಾರಿ ಸಿಗುತ್ತದೆ. ಗಾಳಿ, ಮಸಿ ಎಲ್ಲ ನೋಡಿಕೊಂಡು ನಾನು 6 ಇಂಚು ಬಿಟ್ಟೆ. ಓರೆ ಮಳೆ ನುಗ್ಗದಂತೆ ಟೋಪಿಯನ್ನೇ 2 ಅಡಿ ಚೌಕ ಮಾಡಿಸಿದೆ. ಹೊಗೆಯ ಹುಳಿಗೆ ತಗಡು ಒಂದು ದಿನ ತೂತಾಗುವುದೇ. ಬೋಲ್ಟ್ ಹಾಕಿದ್ದರೆ ಬದಲಿಸಲು ಸುಲಭ.

ಮಾಡು ಸೇರುವ ಜಾಗ

ಹೆಚ್ಚು ಸೋರುವುದು ಇಲ್ಲಿಯೇ. ಮಾಡಿನ ಮರ ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಚಿಮಣಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಹೆಂಚಿಗೂ ಚಿಮಣಿಗೂ ಗಾರೆ ಮೆತ್ತಿದರೆ ಒಂದೇ ವರ್ಷಕ್ಕೆ ಬಿರಿಯುತ್ತದೆ. ಎರಡು ತಗಡು ಬೇಕು. ಒಂದು ಹೆಂಚಿನ ಜೊತೆಗಿದ್ದು ಚಿಮಣಿಯ ಮೈಗುಂಟ 6 ಇಂಚು ಮೇಲಕ್ಕೆ ಮಡಚಿಕೊಂಡಿರಲಿ. ಇನ್ನೊಂದನ್ನು ಇಟ್ಟಿಗೆ ಸಂದಿನಲ್ಲಿ 1 ಇಂಚು ತೂರಿಸಿ, ಕೆಳಗಿನದರ ಮೇಲೆ ಸೆರಗಿನಂತೆ ಇಳಿಬಿಡಿ. ಎರಡನ್ನೂ ಸೇರಿಸಿ ಮೊಳೆ ಹೊಡೆಯಬೇಡಿ. ಇಳಿಜಾರಿನ ಮೇಲ್ಬದಿಯಲ್ಲಿ ನೀರು, ದರಗು ನಿಲ್ಲದಂತೆ ತಗಡನ್ನು ನಡುವೆ ಏರಿಸಿ ಎರಡೂ ಪಕ್ಕಕ್ಕೆ ಇಳಿಸಿ.

ಕರಕಲಾದ ಪಕಾಸು ಕತ್ತರಿಸಿ, ಅಡ್ಡಮರ ಕೊಟ್ಟು, ಚಿಮಣಿಯ ಸುತ್ತ 2 ಇಂಚು ಖಾಲಿ ಬಿಟ್ಟೆವು. ಒಣಹುಲ್ಲು ಈಗ ಕೊಟ್ಟಿಗೆ ಅಟ್ಟದಲ್ಲಿ.

ಯಾವಾಗ ಮಾಡುವುದು?

ಅಡಿಕೆ ಬೇಯಿಸಿ ಮುಗಿದ ಮೇಲೆ, ಫೆಬ್ರವರಿ–ಮಾರ್ಚ್ ಒಳ್ಳೆಯದು. ಮಳೆ ಹಿಡಿಯುವಷ್ಟರಲ್ಲಿ ಸುಣ್ಣ ಬಲಿಯುತ್ತದೆ. ಹೊಸ ಸಂದಿಗೆ ಒಮ್ಮೆಲೇ ದೊಡ್ಡ ಉರಿ ಕೊಡಬೇಡಿ. ನಾವು ಒಂದು ತಿಂಗಳು ಬಿಟ್ಟು, ಮೂರು ದಿನ ಸಣ್ಣ ಬೆಂಕಿ ಮಾಡಿ, ಆಮೇಲೆ ಹಂಡೆ ಏರಿಸಿದೆವು. ಸೌದೆ, ಸಿಪ್ಪೆ ಒಣಗಿಸಿಯೇ ಉರಿಸುತ್ತೇವೆ.

ಇಬ್ಬರು ಆಳು, ಆರು ದಿನದ ಕೆಲಸ. ಎರಡು ಮಳೆಗಾಲ ಕಳೆಯಿತು, ಒಂದು ಹನಿ ಬಿದ್ದಿಲ್ಲ. ಈಗ ಪ್ರತಿ ವರ್ಷ ಒಲೆ ಹಚ್ಚುವ ಮೊದಲು ಹೊಗೆ ಪರೀಕ್ಷೆ ಮಾಡುತ್ತೇನೆ. ನಿಮ್ಮ ಚಿಮಣಿಯೂ ಸೋರುತ್ತಿದ್ದರೆ ಬಕೆಟ್ ಇಟ್ಟು ಸುಮ್ಮನಾಗಬೇಡಿ. ಇವತ್ತೇ ಒಮ್ಮೆ ಅಟ್ಟ ಹತ್ತಿ, ಪಕಾಸು ಮುಟ್ಟಿ ನೋಡಿ.