ಕೀಬೋರ್ಡ್ ನೀವು ಟೈಪ್ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆಯೇ?

ಹೇಳಿಕೆ

"ಮೊಬೈಲ್ ಕೀಬೋರ್ಡ್‌ನಲ್ಲಿ ಎಐ ಇದೆ. ನೀವು ಟೈಪ್ ಮಾಡಿದ ಪ್ರತಿ ಅಕ್ಷರವೂ ಅದಕ್ಕೆ ಶಾಶ್ವತವಾಗಿ ನೆನಪಿರುತ್ತದೆ. ಎಲ್ಲರಿಗೂ ಕಳುಹಿಸಿ." ಬೆಳಗಾವಿಯ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳುಹಿಸಿ, ನಿಜವೇ ಎಂದು ಕೇಳಿದ್ದಾರೆ. ಖಾನಾಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ಅವರ ತಾಯಿ ಇದನ್ನು ಓದಿ ಬ್ಯಾಂಕ್ ಆ್ಯಪ್ ಬಳಸುವುದನ್ನೇ ಬಿಟ್ಟಿದ್ದಾರೆ. ಪಿಂಚಣಿ ಬಂತೇ ಎಂದು ನೋಡಲು ಈಗ ಬಸ್ ಹತ್ತಿ ಬ್ಯಾಂಕಿಗೆ ಹೋಗುತ್ತಾರಂತೆ.

ಸತ್ಯ ಏನು?

ಮುಂದಿನ ಪದ ಸೂಚಿಸಲು ಗೂಗಲ್‌ನ ಜಿಬೋರ್ಡ್ ಬಳಸಿದ ತಂತ್ರಕ್ಕೆ ರಿಕರೆಂಟ್ ನ್ಯೂರಲ್ ನೆಟ್‌ವರ್ಕ್ ಎನ್ನುತ್ತಾರೆ. ಅದರ ನೆನಪು ಹೇಗಿರುತ್ತದೆ?

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಕೈಯಲ್ಲಿ ಒಂದೇ ಚೀಲ. ದೇಸೂರಿನಲ್ಲಿ ಒಂದಿಷ್ಟು ಸಾಮಾನು ಸೇರಿತು, ಇದಲಹೊಂಡದಲ್ಲಿ ಇನ್ನೊಂದಿಷ್ಟು. ಚೀಲ ದೊಡ್ಡದಾಗುವುದಿಲ್ಲ. ಹೊಸದು ತುಂಬಬೇಕೆಂದರೆ ಹಳೆಯದನ್ನು ತೆಗೆಯಬೇಕು.

ಈ ನೆಟ್‌ವರ್ಕ್‌ನ ಚೀಲವೆಂದರೆ ಸಂಖ್ಯೆಗಳ ಒಂದು ಪಟ್ಟಿ. ಪ್ರತಿ ಪದ ಬಂದಾಗಲೂ ಹಳೆಯ ಪಟ್ಟಿ ಮತ್ತು ಹೊಸ ಪದ ಸೇರಿ ಹೊಸ ಪಟ್ಟಿಯಾಗುತ್ತದೆ. ಅದರಲ್ಲಿ ಉಳಿಯುವುದು ನಿಮ್ಮ ಮಾತಲ್ಲ, ಮಾತಿನ ಸುಳಿವು ಮಾತ್ರ.

"ಅಕ್ಕ ಬೆಳಿಗ್ಗೆ ಬೆಳಗಾವಿಯಿಂದ ಹೊರಟು ಖಾನಾಪುರದಲ್ಲಿ..." ಎಂದು ಟೈಪ್ ಮಾಡಿದರೆ ಮುಂದೆ "ಇಳಿದಳು" ಬರಬೇಕು, "ಇಳಿದನು" ಅಲ್ಲ. ಅದಕ್ಕೆ "ಅಕ್ಕ" ಕೊನೆಯವರೆಗೂ ನೆನಪಿರಬೇಕು. ಆರಂಭದ ನೆಟ್‌ವರ್ಕ್‌ಗಳಿಗೆ ಇದೇ ಕಷ್ಟವಾಗಿತ್ತು. ವಾಕ್ಯ ಉದ್ದವಾದಂತೆ ಮೊದಲ ಪದದ ಪ್ರಭಾವ ಮಾಸಿಹೋಗುತ್ತಿತ್ತು. 1997ರಲ್ಲಿ ಸೆಪ್ ಹೋಕ್ರೈಟರ್ ಮತ್ತು ಯೂರ್ಗನ್ ಶ್ಮಿಡ್‌ಹ್ಯೂಬರ್ ಇದಕ್ಕೆ ಎಲ್‌ಎಸ್‌ಟಿಎಂ ಎಂಬ ಪರಿಹಾರ ಪ್ರಕಟಿಸಿದರು. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ನಿರ್ಧರಿಸುವ "ಗೇಟು"ಗಳು ಅದರಲ್ಲಿವೆ. ಆಮೇಲೆ ಬೇಡದ್ದನ್ನು ಮರೆಯಲೆಂದೇ ಇನ್ನೊಂದು ಗೇಟು ಸೇರಿಸಬೇಕಾಯಿತು!

ಹಾಗಾದರೆ ನಿಮ್ಮ ಮನೆಯವರ ಹೆಸರು ಕೀಬೋರ್ಡ್‌ಗೆ ಹೇಗೆ ಗೊತ್ತು? ನೀವು ಮತ್ತೆ ಮತ್ತೆ ಬಳಸುವ ಪದಗಳನ್ನು ಅದು ಬೇರೆಯೇ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಅಳಿಸಬಹುದು.

ಎಚ್ಚರ ಎಲ್ಲಿ ಬೇಕು?

ನೆಟ್‌ವರ್ಕ್ ಮರೆತರೂ, ಕೀಬೋರ್ಡ್ ಆ್ಯಪ್ ಮಾಡಿದವರು ಬಯಸಿದರೆ ನೀವು ಟೈಪ್ ಮಾಡಿದ್ದನ್ನು ಪ್ರತ್ಯೇಕವಾಗಿ ಸಂಗ್ರಹಿಸಬಲ್ಲರು. ಹೊಸ ಕೀಬೋರ್ಡ್ ಹಾಕುವಾಗ ಪಾಸ್‌ವರ್ಡ್ ಕೂಡ ಸಂಗ್ರಹವಾಗಬಹುದು ಎಂದು ಆಂಡ್ರಾಯ್ಡ್ ಎಚ್ಚರಿಸುವುದು ಇದಕ್ಕೇ. ಫಾರ್ವರ್ಡ್ ಲಿಂಕ್‌ಗಳಲ್ಲಿ ಬರುವ ಕೀಬೋರ್ಡ್ ಹಾಕಿಕೊಳ್ಳಬೇಡಿ.

ತೀರ್ಮಾನ

ಹೇಳಿಕೆ ದಾರಿ ತಪ್ಪಿಸುವಂಥದ್ದು. ಫೋನ್ ಜೊತೆಗೇ ಬಂದ ಕೀಬೋರ್ಡ್ ಇದ್ದರೆ, ಈ ಸಂದೇಶಕ್ಕೆ ಹೆದರಿ ಆ ತಾಯಿ ಬಸ್ ಹತ್ತಬೇಕಿಲ್ಲ. ಓಟಿಪಿಯನ್ನು ಮಾತ್ರ ಯಾರಿಗೂ ಹೇಳಬಾರದು.