ದಾಳ ಬಿದ್ದ ಮೇಲೆ

ಕಳೆದ ದೀಪಾವಳಿಯ ರಜೆಯಲ್ಲಿ ಬಗದಲಿನ ನಮ್ಮ ಮನೆಯ ಪಡಸಾಲೆ ರಣಭೂಮಿಯಾಗಿತ್ತು. ತಂಗಿಯ ಮಗಳು ಹೈದರಾಬಾದಿನ ಕಾಲೇಜಿನಿಂದ ಮೂವರು ಸಹಪಾಠಿಗಳನ್ನು ಕರೆತಂದಿದ್ದಳು. ಅವರೊಡನೆ ಬಣ್ಣಬಣ್ಣದ ದಾಳಗಳ ಚೀಲವೊಂದೂ ಬಂದಿತ್ತು. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರು ರಚಿಸಿ ಪ್ರಕಟಪಡಿಸಿದ್ದು. ಒಬ್ಬ ಸೂತ್ರಧಾರ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ತಾಳಿ ತಾವು ಮಾಡುವುದೇನೆಂದು ನುಡಿಯುತ್ತಾರೆ. ನುಡಿದದ್ದು ನಡೆಯಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಕರಾವಳಿಯ ತಾಳಮದ್ದಳೆಗೆ ದಾಳವನ್ನು ಸೇರಿಸಿದರೆ ಹೇಗೋ ಹಾಗೆ ಎಂದರೆ ವಾಚಕರಿಗೆ ಕೊಂಚ ಹತ್ತಿರವಾದೀತು.

ಏಟು ತಗುಲಿತೇ ಎಂದು ತಿಳಿಯಲು 20 ಮುಖದ ದಾಳ. ಅದರಲ್ಲಿ 20 ಬಿದ್ದರೆ ‘ಕ್ರಿಟಿಕಲ್ ಹಿಟ್’. ಮರ್ಮಾಘಾತವೆಂದು ನಾನು ಕನ್ನಡಿಸಿಕೊಂಡೆ. ಮರ್ಮಾಘಾತಕ್ಕೆ ಪೆಟ್ಟು ಇಮ್ಮಡಿ. ಜಗಳ ಹುಟ್ಟಿದ್ದು ಈ ‘ಇಮ್ಮಡಿ’ ಎಂಬ ಒಂದು ಶಬ್ದದಲ್ಲಿ.

ದೈತ್ಯನೊಬ್ಬ ಹುಡುಗಿಯ ವೀರನ ಮೇಲೆ ಕತ್ತಿ ಬೀಸಿದ. 20 ಬಿತ್ತು. ಒಂದೂವರೆ ವರ್ಷದಿಂದ ಅವಳು ಸಾಕಿ ಬೆಳೆಸಿದ ಪಾತ್ರ ಅದು. ಉಳಿದಿದ್ದ ಪ್ರಾಣ 12 ಅಂಕ. ಆ ಕತ್ತಿಯ ಪೆಟ್ಟಿಗೆ 8 ಮುಖದ ದಾಳ, ಅದರ ಜೊತೆಗೆ ದೈತ್ಯನ ತೋಳ್ಬಲಕ್ಕೆಂದು 3. ದಾಳದಲ್ಲಿ 5 ಬಿದ್ದು ಮೊತ್ತ 8 ಆಯಿತು. ಮೊತ್ತವನ್ನೇ ಇಮ್ಮಡಿಸಿದರೆ 16, ವೀರ ಬಿದ್ದ. ದಾಳವನ್ನಷ್ಟೇ ಎರಡು ಸಲ ಹಾಕಿ ತೋಳ್ಬಲವನ್ನು ಒಮ್ಮೆ ಮಾತ್ರ ಕೂಡಿಸಿದರೆ? ಅವಳು ಥಟ್ಟನೆ ದಾಳವನ್ನು ಕಸಿದು ಉರುಳಿಸಿದಳು. 2 ಬಿತ್ತು. 5, 2, 3 ಸೇರಿ 10, ವೀರ ಬದುಕಿದ.

“ಮಾಮಾ, ನೀವು ಮಾಸ್ತರ ಇದ್ದೀರಿ, ನೀವೇ ಹೇಳ್ರಿ,” ಎಂದು ನಿಯಮದ ಪುಸ್ತಕವನ್ನು ನನ್ನ ಕೈಗಿತ್ತಳು.

2014ರ ಆವೃತ್ತಿ. ಅದು ಅವಳ ಪಕ್ಷದಲ್ಲಿಯೇ ಇತ್ತು: ಪೆಟ್ಟಿನ ದಾಳಗಳು ಎರಡು ಸಲ, ಬಲದ ಅಂಕ ಒಮ್ಮೆ. ಇದರಲ್ಲಿ ನ್ಯಾಯವೂ ಉಂಟು. ಅದೃಷ್ಟ ಒಲಿದಾಗ ಅದೃಷ್ಟದ ಪಾಲು ಬೆಳೆಯಬೇಕೇ ಹೊರತು ತೋಳು ದಪ್ಪವಾಗಬಾರದಷ್ಟೆ. ಲೆಕ್ಕ ಹಾಕಿ ನೋಡಿದೆ. ಮೊತ್ತವನ್ನು ಇಮ್ಮಡಿಸಿದರೆ ಈ ಕತ್ತಿಯ ಸರಾಸರಿ ಪೆಟ್ಟು 15, ದಾಳವನ್ನು ಇಮ್ಮಡಿಸಿದರೆ 12.

ಮರ್ಮಾಘಾತದ ಚರಿತ್ರೆಯೂ ಸ್ವಾರಸ್ಯವಾದುದು. 20ಕ್ಕೆ ಇಮ್ಮಡಿ ಪೆಟ್ಟೆಂಬ ನಿಯಮವನ್ನು 1975ರಷ್ಟು ಹಿಂದೆಯೇ ತಮ್ಮ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಆಟದಲ್ಲಿ ಅಚ್ಚು ಹಾಕಿಸಿದವರು ಎಂ.ಎ.ಆರ್. ಬಾರ್ಕರ್, ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಉರ್ದು ಕಲಿಸುತ್ತಿದ್ದ ಪ್ರಾಧ್ಯಾಪಕರು. (ಉರ್ದುವಿನ ಹೆಸರು ಕೇಳಿದೊಡನೆ ಬೀದರದವನಿಗೆ ನಂಟಸ್ತಿಕೆ ತೋರಿದರೆ ಆಶ್ಚರ್ಯವೇನು?) ಗೈಗ್ಯಾಕ್ಸ್ ಮಾತ್ರ 1979ರ ತಮ್ಮ ಗ್ರಂಥದಲ್ಲಿ ಇಂಥ ನಿಯಮವೇ ಬೇಡವೆಂದರು. ಈ ವರ ನಮಗೆ ಸಿಕ್ಕರೆ ಶತ್ರುವಿಗೂ ಸಿಗಬೇಕು. ಸಿಕ್ಕರೆ ಆಟಗಾರರ ಪಾತ್ರಗಳ ಆಯುಸ್ಸೇ ಕುಗ್ಗೀತೆಂಬುದು ಅವರ ವಾದ. ಆ ಮಾತಿನ ದೃಷ್ಟಾಂತ ನಮ್ಮ ಪಡಸಾಲೆಯಲ್ಲೇ ಕುಳಿತಿತ್ತು.

ಪುಸ್ತಕದಂತೆ ತೀರ್ಪು ಕೊಡುವವನಿದ್ದೆ. ಆಗ ಸೂತ್ರಧಾರನಾದ ಹುಡುಗ ಮೆಲ್ಲನೆ ಅಂದ: “ಹೋದ ತಿಂಗಳು ಈಕಿಗೇ 20 ಬಿದ್ದಾಗ ಮೊತ್ತಾನೇ ಡಬಲ್ ಮಾಡಿದ್ವಿ, ಸರ್. ಆರು ತಿಂಗಳಿಂದ ಹಂಗೇ ಆಡ್ಲಕತ್ತೀವಿ.”

ನನ್ನ ಬಾಯಿ ಕಟ್ಟಿತು. ಅಜ್ಜಿಯ ಚೌಕಾಬಾರ ನೆನಪಾಯಿತು.

ನಾಲ್ಕು ಕವಡೆ, ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಆಟಕ್ಕೆ ಹೆಸರು ಬಂದದ್ದೇ ಈ ಎರಡು ಗರಗಳಿಂದ. ನೆರೆಯ ತೆಲುಗರ ‘ಅಷ್ಟಾ ಚೆಮ್ಮಾ’ವೂ ಹಾಗೆಯೇ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದಾದರೆ (ಹಾಗೆ ಬೀಳುವುದಿಲ್ಲವೆಂಬುದು ಬೇರೆ ಮಾತು) ಒಂದೊಂದಕ್ಕೂ 16ರಲ್ಲಿ 1ರ ಸಂಭವ. ಬಿದ್ದರೆ ಇನ್ನೊಂದು ಸಲ ಕವಡೆ ಹಾಕುವ ಹಕ್ಕು. ಎಷ್ಟು ಸಲ? ನಮ್ಮ ಮನೆಯಲ್ಲಿ ಮೂರನೆಯದೂ ಬಿದ್ದರೆ ಮೂರೂ ಸುಟ್ಟವು. ಎದುರು ಮನೆಯಲ್ಲಿ ಬಿದ್ದಷ್ಟೂ ಲಾಭ. ಒಂದು ಮಧ್ಯಾಹ್ನ ನನಗೆ ಮೂರು ಬಿದ್ದವು. ನಾನು ಎದುರು ಮನೆಯ ಶಾಸ್ತ್ರವನ್ನೆತ್ತಿದೆ. ಅಜ್ಜಿ ಕೇಳಿದ್ದು ಒಂದೇ ಮಾತು: “ಕವಡಿ ಕೈಯಾಗ ಇದ್ದಾಗ ಯಾಕ ಹೇಳಲಿಲ್ಲೋ?” ಎದ್ದು ಹೋದವನು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದೆ.

ಹಾಗಾದರೆ ದಾಳ ಬಿದ್ದ ಮೇಲೆ ಎತ್ತಿದ ಪ್ರಶ್ನೆಯೆಲ್ಲ ಅನ್ಯಾಯವೇ? ಕುರುಸಭೆಯಲ್ಲಿ ದ್ರೌಪದಿ ಕೇಳಿದ್ದು ದಾಳ ಬಿದ್ದ ಮೇಲೆಯೇ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದು? ಭೀಷ್ಮನಂಥವನೂ ಧರ್ಮ ಸೂಕ್ಷ್ಮವೆಂದು ತಪ್ಪಿಸಿಕೊಂಡ. ಆದರೆ ಅವಳು ಗರದ ಅರ್ಥವನ್ನು ತನ್ನ ಅನುಕೂಲಕ್ಕೆ ತಿರುಗಿಸಲಿಲ್ಲ. ಆ ಪಣವೇ ಸಿಂಧುವೇ ಎಂದು ಕೇಳಿದಳು. ನನ್ನ ಚೌಕಾಬಾರದ ತಕರಾರಿಗೂ ಅದಕ್ಕೂ ಅಜಗಜಾಂತರ. ಈ ಹುಡುಗಿಯದು ಯಾವ ಜಾತಿಯದು? ಅಚ್ಚಾದ ಅಕ್ಷರ ಅವಳ ಕಡೆ, ಆರು ತಿಂಗಳ ರೂಢಿ ಅವಳಿಗೆ ಎದುರು. ಆ ರೂಢಿಯ ಲಾಭವನ್ನು ಅವಳೂ ಉಂಡಿದ್ದಳು.

ತೀರ್ಪು ನನ್ನಿಂದಾಗಲಿಲ್ಲ. ಅಜ್ಜಿಯ ಮಾತನ್ನಷ್ಟೇ ಹೇಳಿ ಪುಸ್ತಕವನ್ನು ಹಿಂದಿರುಗಿಸಿದೆ.

ಹುಡುಗಿ ಬಹಳ ಹೊತ್ತು ಆ ಎರಡು ದಾಳಗಳನ್ನೇ ನೋಡುತ್ತ ಕುಳಿತಳು. ಅನಂತರ, “ಇವತ್ತು 16ನೇ ಹಿಡೀರಿ. ನಾಳಿಂದ ಪುಸ್ತಕದಾಗ ಇದ್ದಂಗ ಆಡಮು,” ಎಂದು ತನ್ನ ಹಾಳೆಯ ಮೇಲಿನ 12ನ್ನು ಹೊಡೆದುಹಾಕಿ 0 ಬರೆದಳು. ಅಷ್ಟು ಹೊತ್ತೂ ಅವಳ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ ಭಾಲ್ಕಿಯ ಹುಡುಗ, ತನ್ನ ಪಾತ್ರ ಮಂತ್ರವೈದ್ಯನದೆಂದೂ ಅವನೀಗ ಬಿದ್ದ ವೀರನ ಬಳಿಗೆ ಓಡುತ್ತಿದ್ದಾನೆಂದೂ ಸಾರಿ, ದಾಳವನ್ನು ಕೈಗೆತ್ತಿಕೊಂಡ.